ಮೊದಲು ಗೋಡೆ ಒಣಗಲಿ

(ಸೋಮವಾರಪೇಟೆಯಲ್ಲಿ ಮನೆ ಕಟ್ಟಿಸುತ್ತಿರುವವರು ಮತ್ತು ಗಾರೆ ಮೇಸ್ತ್ರಿಗಳ ಎದುರು ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಇದ್ದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ನಮ್ಮಲ್ಲಿ ಮೂರು ಜನರನ್ನು ಬಯ್ಯುವುದು ರೂಢಿ. ಮೊದಲು ಮೇಸ್ತ್ರಿ, ಆಮೇಲೆ ಸಿಮೆಂಟ್ ಕಂಪನಿ, ಕೊನೆಗೆ ಎಂ-ಸ್ಯಾಂಡ್ (ಕ್ರಷರಿನಲ್ಲಿ ಕಲ್ಲು ಪುಡಿಮಾಡಿದ ಮರಳು) ಲೋಡ್ ಇಳಿಸಿಹೋದವನು. ಮೂವರಿಗೂ ಅಷ್ಟಿಷ್ಟು ಪಾಲು ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕೊಡಗಿನ ಮನೆಗಳಲ್ಲಿ ನಾನು ನೋಡುವ ಬಿರುಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಕ್ಯಾಲೆಂಡರಿನಲ್ಲಿ. ಒಣಗಿರಬೇಕಾದ ಹೊತ್ತಿನಲ್ಲಿ ಗೋಡೆ ನೆನೆದಿರುತ್ತದೆ, ನೆನೆದಿರಬೇಕಾದ ಹೊತ್ತಿನಲ್ಲಿ ಗಾರೆ ಒಣಗಿರುತ್ತದೆ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಗಾರೆ ಯಾಕೆ ಬಿರಿಯುತ್ತದೆ ಅನ್ನುವುದನ್ನು ಮೊದಲು ನೋಡಿಬಿಡೋಣ. ಸಿಮೆಂಟು ಗಟ್ಟಿಯಾಗುವಾಗ ತನ್ನೊಳಗೆ ಕಟ್ಟಿಕೊಳ್ಳುವ ನೀರು ಅದರ ತೂಕದ ಕಾಲು ಭಾಗದಷ್ಟು. 50 ಕಿಲೋ ಚೀಲಕ್ಕೆ ಹತ್ತಿರಹತ್ತಿರ 12 ಲೀಟರ್. ಅಷ್ಟೇ ನೀರು ಹಾಕಿ ಕಲಸಿದರೆ ಅದು ಕರಣೆಗೆ ಬರುವುದಿಲ್ಲ. ಗೋಡೆಗೆ ಎರಚಿ, ಪಟ್ಟಿ ಎಳೆಯಲು ಬರಬೇಕಾದರೆ ಅದರ ಎರಡು ಮೂರು ಪಟ್ಟು ನೀರು ಬೇಕು. ಆ ಹೆಚ್ಚಿನ ನೀರು ಒಂದಲ್ಲ ಒಂದು ದಿನ ಹೊರಗೆ ಹೋಗಲೇಬೇಕು. ಹೋದಾಗ ಗಾರೆ ಕುಗ್ಗುತ್ತದೆ. ಹಿಂದೆ ಇರುವ ಗೋಡೆ ಮಾತ್ರ ಅದನ್ನು ಕುಗ್ಗಲು ಬಿಡದೆ ಹಿಡಿದುಕೊಂಡಿರುತ್ತದೆ. ಎಳೆತ ತಾಳಲಾರದೆ ಗಾರೆ ಸೀಳುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಬಿರಿಯುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ.

ಹಾಗಾಗಿ ಕುಗ್ಗುವುದನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಎಷ್ಟು ಕುಗ್ಗಬೇಕು, ಎಷ್ಟು ನಿಧಾನವಾಗಿ ಕುಗ್ಗಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಮಂಡ್ಯದಲ್ಲೋ ಚಿತ್ರದುರ್ಗದಲ್ಲೋ ಕೂದಲೆಳೆ ಬಿರುಕು ಬರೀ ಕಣ್ಣಿಗೆ ಕಾಣುವ ಕುಂದು. ಪೇಂಟ್ ಹೊಡೆದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಮಡಿಕೇರಿ, ಭಾಗಮಂಡಲ, ಶಾಂತಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಪಶ್ಚಿಮದ ಗೋಡೆಗೆ ಹೊಡೆಯುತ್ತಲೇ ಇರುತ್ತದೆ. ಅರ್ಧ ಮಿಲಿಮೀಟರೂ ಇಲ್ಲದ ಸೀಳು ನೀರನ್ನು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಜುಲೈ-ಆಗಸ್ಟಿನ ಕಕ್ಕಡ ಮಾಸದ ಹೊತ್ತಿಗೆ ಒಳಗೋಡೆಯಲ್ಲಿ ಕಲೆ, ಅದರ ಮೇಲೆ ಬೂಸ್ಟು, ಬೀರುವಿನ ಹಿಂದೆ ಕಮಟು ವಾಸನೆ. ಪಶ್ಚಿಮಕ್ಕೆ ಪ್ಲಾಸ್ಟಿಕ್ ತೂಗುಹಾಕಿ ಮಳೆಗಾಲ ಕಳೆಯುವ ಹೊಸ ಮನೆಗಳನ್ನು ನೀವೂ ಕಂಡಿರುತ್ತೀರಿ.

ಬಿರುಕೆಲ್ಲ ಒಂದೇ ಜಾತಿಯದ್ದಲ್ಲ. ಆಕಾರ ನೋಡಿದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಬಲೆ ಬಲೆಯಾಗಿ, ಗೋಡೆಯ ತುಂಬ ಸಣ್ಣ ಸಣ್ಣ ಗೆರೆಗಳಿದ್ದರೆ ಅದು ಗಾರೆಯದೇ ತಪ್ಪು: ಸಿಮೆಂಟ್ ಜಾಸ್ತಿ, ಮರಳಿನಲ್ಲಿ ದೂಳು ಜಾಸ್ತಿ, ಇಲ್ಲವೇ ನೀರು ಹೊಡೆದದ್ದು ಸಾಲದು. ಕಂಬದ ಉದ್ದಕ್ಕೂ ನೇರ ಗೆರೆ, ಬೀಮಿನ ಕೆಳಗೆ ಅಡ್ಡ ಗೆರೆ ಇದ್ದರೆ ಕಾಂಕ್ರೀಟೂ ಬ್ಲಾಕ್ ಗೋಡೆಯೂ ಬೇರೆ ಬೇರೆ ಅಳತೆಯಲ್ಲಿ ಕುಗ್ಗಿವೆ ಎಂದರ್ಥ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟರೆ ಅಲ್ಲಿ ಒತ್ತಡ ಸೇರಿಕೊಂಡಿದೆ. ಮೆಟ್ಟಿಲು ಮೆಟ್ಟಿಲಾಗಿ ಬ್ಲಾಕಿನ ಸಂದು ಹಿಡಿದು ಇಳಿದರೆ, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾದರೆ, ಗಾರೆಯ ಮಾತು ಬಿಡಿ, ಪಾಯ ನೋಡಿ.

ಪಾಯದ ವಿಷಯ ಇವತ್ತಿನದಲ್ಲ, ಆದರೂ ಬಿಟ್ಟು ಮುಂದೆ ಹೋಗಲಾರೆ. ನಮ್ಮಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಸೈಟು ಮಾಡುವುದೇ ಹೆಚ್ಚು. ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ಜೆಸಿಬಿ ತಳ್ಳಿದ ಸಡಿಲ ಮಣ್ಣಿನ ಮೇಲೆ. ಮೊದಲ ಎರಡು ಮಳೆಗಾಲದಲ್ಲಿ ಆ ಮಣ್ಣು ಇಳಿಯುತ್ತದೆ, ಮನೆಯ ಆ ಭಾಗವೂ ಜೊತೆಗೆ ಇಳಿಯುತ್ತದೆ. 2018ರ ಆಗಸ್ಟಿನ ಭೂಕುಸಿತ ಕಂಡ ಮೇಲೂ ತುಂಬಿದ ಮಣ್ಣಿನ ಮೇಲೆ ಪಾಯ ಹಾಕುವವರಿದ್ದಾರೆ. ಅಂಥ ಗೋಡೆಗೆ ಯಾವ ಜಾಲರಿ, ಯಾವ ಪುಟ್ಟಿ ಹಚ್ಚಿದರೂ ಉಪಯೋಗವಿಲ್ಲ. ಪಾಯ ಗಟ್ಟಿ ನೆಲ ಮುಟ್ಟುವ ತನಕ ಇಳಿಯಬೇಕು, ಅಷ್ಟೇ.

ಈಗ ಗೋಡೆಗೆ ಬರೋಣ.

ಕೊಡಗಿನಲ್ಲಿ ಹೊಸ ಮನೆಗಳು ಬಹುತೇಕ ಸಿಮೆಂಟಿನ ಸಾಲಿಡ್ ಬ್ಲಾಕಿನವು. ಸುಟ್ಟ ಇಟ್ಟಿಗೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಟ್ಟಿಗೆ ಗೂಡಿನಿಂದ ಬರುವಾಗಲೇ ಒಣಗಿ ಬಂದಿರುತ್ತದೆ. ಬ್ಲಾಕ್ ಹಾಗಲ್ಲ, ಅದು ಸಿಮೆಂಟಿನ ವಸ್ತು, ತಾನೂ ಕುಗ್ಗುತ್ತದೆ. ಬ್ಲಾಕ್ ಮಾಡಿದ ಮೇಲೆ ಎರಡು ವಾರ ನೀರುಣಿಸಬೇಕು, ಆಮೇಲೆ ನಾಲ್ಕು ವಾರ ಒಣಗಿಸಬೇಕು, ಅಲ್ಲಿಗೆ ಅದರ ಮೊದಲ ಕುಗ್ಗುವಿಕೆ ಮುಗಿಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ನಮ್ಮಲ್ಲಿ ಏನಾಗುತ್ತದೆ? ಹೋದ ವಾರ ಅಚ್ಚಿನಿಂದ ತೆಗೆದ ಬ್ಲಾಕ್ ಈ ವಾರ ಪಿಕಪ್ಪಿನಲ್ಲಿ ಬಂದು ನಿಲ್ಲುತ್ತದೆ. ರಾಶಿ ಹಾಕಿದ ಬ್ಲಾಕ್ ಮಳೆಗೆ ನೆನೆಯುತ್ತದೆ. ಇಷ್ಟು ಸಾಲದು ಅಂತ ಮೇಸ್ತ್ರಿ ಕಟ್ಟುವ ಮುಂಚೆ ಅದರ ಮೇಲೆ ಪೈಪಿನಲ್ಲಿ ನೀರು ಬಿಡುತ್ತಾರೆ.

(ಇಲ್ಲಿ ಒಬ್ಬ ಮೇಸ್ತ್ರಿ ಎದ್ದು ನಿಂತರು. "ಸಾರ್, ನೆನೆಸದೆ ಕಟ್ಟಿದರೆ ಕಲ್ಲು ಗಾರೆಯ ನೀರೆಲ್ಲ ಹೀರಿಬಿಡುತ್ತಲ್ಲ?")

ಮೇಸ್ತ್ರಿಯವರು ಹೇಳುವುದು ಇಟ್ಟಿಗೆಗೆ ಸರಿ. ಇಟ್ಟಿಗೆಯನ್ನು ನೆನೆಸಿಯೇ ಕಟ್ಟಬೇಕು. ಸಿಮೆಂಟ್ ಬ್ಲಾಕಿಗೆ ಅಷ್ಟು ಹೀರುವ ಗುಣ ಇಲ್ಲ. ತೀರಾ ಬಿಸಿಲಿದ್ದರೆ ಮೇಲ್ಮೈಗೆ ತುಸು ಚಿಮುಕಿಸಿದರೆ ಸಾಕು. ನೆನೆಸಿದ ಬ್ಲಾಕ್ ಉಬ್ಬಿರುತ್ತದೆ, ಗೋಡೆಯಾದ ಮೇಲೆ ಒಣಗಿ ಕುಗ್ಗುತ್ತದೆ. ಮೇಲೆ ಅಷ್ಟರಲ್ಲಿ ಗಾರೆ ಕೂತಿದ್ದರೆ, ಗೋಡೆಯ ಬಿರುಕು ಗಾರೆಯಲ್ಲೂ ಮೂಡಲೇಬೇಕು. ಅದಕ್ಕೇ ಬ್ಲಾಕ್ ರಾಶಿಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿ, ಮೇಲೆ ಟಾರ್ಪಾಲ್ ಹೊದಿಸಿ. ಕಾಫಿ ಬೀಜಕ್ಕೆ ಹೊದಿಸುವ ಟಾರ್ಪಾಲ್ ಮಳೆಗಾಲದಲ್ಲಿ ಹೇಗೂ ಖಾಲಿ ಬಿದ್ದಿರುತ್ತದೆ.

ಬ್ಲಾಕಿನ ಗೋಡೆಗೆ ಒಂದಕ್ಕೆ ಆರರ ಗಾರೆ, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಸಾಕು. ಒಂದಕ್ಕೆ ಮೂರು, ನಾಲ್ಕು ಹಾಕಿ ಗಟ್ಟಿ ಮಾಡಲು ಹೋದರೆ ಗೋಡೆ ಕುಗ್ಗುವಾಗ ಸಂದು ಬಿಟ್ಟುಕೊಡುವುದಿಲ್ಲ, ಬ್ಲಾಕೇ ನಡುವೆ ಸೀಳುತ್ತದೆ. ಬೀಮಿನ ಕೆಳಗಿನ ಕೊನೆಯ ವರಸೆಯನ್ನು ಅದೇ ದಿನ ಒತ್ತಿ ತುಂಬಬೇಡಿ. ಗೋಡೆ ಕೆಲವು ದಿನ ಕೂತುಕೊಳ್ಳಲಿ, ಆಮೇಲೆ ತುಂಬಿಸಿ.

ಇನ್ನು ಕ್ಯಾಲೆಂಡರ್. ನಮ್ಮ ಕಡೆ ಮನೆ ಕೆಲಸ ಹೇಗೆ ಸಾಗುತ್ತದೆ ನೋಡಿ. ಮಳೆ ಬಿಟ್ಟ ಮೇಲೆ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರಿನಲ್ಲಿ ಗೋಡೆ ಏಳುತ್ತದೆ. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಸ್ಲ್ಯಾಬ್. ಆಮೇಲೆ ಕಾಫಿ ಕುಯ್ಲು ಶುರು, ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ. ಹೆಲ್ಪರ್‌ಗಳು ತೋಟಕ್ಕೆ, ಓನರೂ ತೋಟಕ್ಕೆ. ಮನೆ ಎರಡು ಮೂರು ತಿಂಗಳು ಹಾಗೇ ನಿಲ್ಲುತ್ತದೆ. ಮಾರ್ಚಿನಲ್ಲಿ ಜನ ವಾಪಸ್ ಬರುತ್ತಾರೆ. ಮೇ ತಿಂಗಳಿಗೆ ಗೃಹಪ್ರವೇಶ ಅಂತ ಅಷ್ಟರಲ್ಲಿ ಮುಹೂರ್ತ ಇಟ್ಟಾಗಿರುತ್ತದೆ, ಯಾಕೆಂದರೆ ಆಮೇಲೆ ಮಳೆ, ಅದರ ಹಿಂದೆ ಶುಭಕಾರ್ಯ ಮಾಡದ ಕಕ್ಕಡ. ಹೀಗೆ ಗಾರೆ ಕೆಲಸ ಪೂರಾ ಮಾರ್ಚ್-ಏಪ್ರಿಲ್‌ನ ಒಣಗಾಳಿಗೆ, ಸುಡು ಬಿಸಿಲಿಗೆ ಬೀಳುತ್ತದೆ. ಅದೇ ಹೊತ್ತಿಗೆ ರೋಬಸ್ಟಾಕ್ಕೆ ಹೂ ಬರಿಸಲು ಕೆರೆಯ ನೀರೆಲ್ಲ ಸ್ಪ್ರಿಂಕ್ಲರಿಗೆ ಹೋಗುತ್ತಿರುತ್ತದೆ. ತೋಟಕ್ಕೋ ಗೋಡೆಗೋ ಅಂತ ಕೇಳಿದರೆ ಬೆಳೆಗಾರ ಏನು ಹೇಳುತ್ತಾನೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನ ಕೇಳಿದರೆ ಗಾರೆಗೆ ಸರಿಯಾದ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನದು. ಗಾಳಿಯಲ್ಲಿ ತಂಪಿದೆ, ಬೆಳಿಗ್ಗೆ ಮಂಜಿದೆ, ಕೆರೆ-ಬಾವಿಯಲ್ಲಿ ನೀರಿದೆ. ಆದರೆ ಆಗ ಒಣಗಿದ ಗೋಡೆ ಸಿದ್ಧ ಇರಬೇಕು. ಅಂದರೆ ಗೋಡೆಯೂ ಸ್ಲ್ಯಾಬೂ ಹಿಂದಿನ ಬೇಸಗೆಯಲ್ಲೇ ಮುಗಿದು, ಮೇಲೆ ಶೀಟು ಅಥವಾ ಹೆಂಚಿನ ಛಾವಣಿ ಕೂತು, ಮನೆ ಒಂದು ಮಳೆಗಾಲ ಗಾರೆಯಿಲ್ಲದೆ ಕಳೆಯಬೇಕು. ಮಳೆಗಾಲ ಬರೀ ಗೋಡೆ ಬಿಡುವುದೇ ಅಂತ ಕೆಲವರಿಗೆ ಅನಿಸುತ್ತದೆ. ಬಿಡಬಹುದು, ಛಾವಣಿ ಇದ್ದರೆ, ಪಶ್ಚಿಮದ ಕಡೆ ಮರೆ ಕಟ್ಟಿದರೆ. ಪಾಯ ಇಳಿಯುವುದಿದ್ದರೆ ಆ ಮಳೆಯಲ್ಲೇ ಇಳಿದು ತೋರಿಸುತ್ತದೆ. ಛಾವಣಿ ಮೊದಲು ಅಂತ ಹೇಳುವುದಕ್ಕೆ ಇನ್ನೂ ಒಂದು ಕಾರಣ ಇದೆ. ಬರೀ ಸ್ಲ್ಯಾಬ್ ಹಗಲು ಕಾದು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ. ಸ್ಲ್ಯಾಬಿನ ಕೆಳಗೆ ಗೋಡೆಯ ತಲೆಯಲ್ಲಿ ಕಾಣುವ ಅಡ್ಡ ಬಿರುಕಿಗೆ ಇದೇ ಮೂಲ. ಮೇಲೆ ಹೆಂಚು ಬಂದ ಮೇಲೆ ಈ ಎಳೆದಾಟ ತುಂಬ ಇಳಿಯುತ್ತದೆ.

ಕುಶಾಲನಗರದವರು ಇದನ್ನೆಲ್ಲ ಅಕ್ಷರಶಃ ಪಾಲಿಸಬೇಕಿಲ್ಲ. ಮಡಿಕೇರಿಯಿಂದ ಘಟ್ಟ ಇಳಿದರೆ 30 ಕಿಲೋಮೀಟರ್, ಮಳೆ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಅಲ್ಲಿ ಗೋಡೆ ಬೇಗ ಒಣಗುತ್ತದೆ, ಗಾರೆಯೂ ಬೇಗ ಒಣಗುತ್ತದೆ. ಅವರ ತಲೆನೋವು ಕ್ಯೂರಿಂಗ್, ಅಂದರೆ ಗಾರೆಗೆ ನೀರುಣಿಸಿ ಒದ್ದೆಯಾಗಿ ಇಡುವುದು.

ಗೋಡೆ ಒಣಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಕೈ ಇಟ್ಟು ನೋಡಿದರೆ ಮೋಸ ಹೋಗುತ್ತೀರಿ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ತೆಗೆದುಕೊಂಡು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಾಕಿ. ಬಿಸಿಲು ಬೀಳದ ಜಾಗ ಆಗಿರಲಿ. ಮರುದಿನ ಅದೇ ಹೊತ್ತಿಗೆ ನೋಡಿ. ಪ್ಲಾಸ್ಟಿಕ್ಕಿನ ಒಳಮೈಗೆ ಹನಿ ಕಟ್ಟಿದ್ದರೆ, ಬ್ಲಾಕಿನ ಬಣ್ಣ ಅಷ್ಟು ಚೌಕ ಕಪ್ಪಾಗಿದ್ದರೆ, ಗೋಡೆ ಇನ್ನೂ ನೀರು ಬಿಡುತ್ತಿದೆ. ನೆಲದಿಂದ ಎರಡಡಿ ಎತ್ತರದಲ್ಲಿ ಒಂದು, ಪಶ್ಚಿಮದ ಗೋಡೆಯಲ್ಲಿ ಒಂದು ಹಚ್ಚಿದರೆ ಇಡೀ ಮನೆಯ ಅಂದಾಜು ಸಿಗುತ್ತದೆ.

ಮರಳಿಗೆ ಬರೋಣ. ಹೊಳೆ ಮರಳು ಸಿಗುವುದು ಈಗ ಕಷ್ಟ, ಎಂ-ಸ್ಯಾಂಡ್ ಬೇಡ ಅನ್ನುವ ಹಾಗಿಲ್ಲ. ಅನ್ನಬೇಕಾಗಿಯೂ ಇಲ್ಲ. ಕಾಂಕ್ರೀಟಿನ ಎಂ-ಸ್ಯಾಂಡನ್ನೇ ಜರಡಿ ಹಿಡಿದು ಗಾರೆಗೆ ಹಾಕಬೇಡಿ, ಗಾರೆಗೆಂದೇ ಬರುವ ಪಿ-ಸ್ಯಾಂಡ್ ತರಿಸಿ. ಅದರಲ್ಲೂ ತೊಳೆದದ್ದೋ ಬರೀ ಕ್ರಷರಿನ ಹುಡಿಯೋ ಅಂತ ನೋಡಬೇಕು. ಲೋಡ್ ಇಳಿಸುವ ಮುಂಚೆ ಒಂದು ಗಾಜಿನ ಬಾಟ್ಲಿಯಲ್ಲಿ ಅರ್ಧ ಮರಳು, ಮುಕ್ಕಾಲಿನವರೆಗೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಅಲ್ಲಾಡಿಸಿ ಮೂರು ಗಂಟೆ ಕದಲಿಸದೆ ಇಡಿ. ಕೆಳಗೆ ಮರಳು, ಅದರ ಮೇಲೆ ನುಣ್ಣನೆಯ ಪದರ ಕೂರುತ್ತದೆ. ಮರಳು ಹತ್ತು ಸೆಂಟಿಮೀಟರ್ ಇದ್ದರೆ ಮೇಲಿನ ಪದರ ಎಂಟು ಮಿಲಿಮೀಟರ್ ದಾಟಬಾರದು. ದಾಟಿದರೆ ಲೋಡ್ ವಾಪಸ್ ಕಳಿಸಿ. ಆ ನುಣುಪು ಹುಡಿ ನೀರು ಕುಡಿಯುತ್ತದೆ. ಗಾರೆ ಹದಕ್ಕೆ ಬರಲು ಮೇಸ್ತ್ರಿ ಇನ್ನೊಂದು ಬಕೆಟ್ ಸುರಿಯಲೇಬೇಕಾಗುತ್ತದೆ. ಆಮೇಲಿನದು ನಿಮಗೆ ಗೊತ್ತೇ ಇದೆ.

ಕಲಸುವ ಲೆಕ್ಕ: ಒಳಗೆ ಒಂದಕ್ಕೆ ಆರು, ಹೊರಗೆ ಮತ್ತು ಸೀಲಿಂಗಿಗೆ ಒಂದಕ್ಕೆ ನಾಲ್ಕು ಅನ್ನುವುದು ನಡೆದುಬಂದ ಅಳತೆ. ಅದನ್ನು ಬಾಂಡ್ಲಿಯಲ್ಲಿ ಎಣಿಸಿದರೆ ಒಬ್ಬೊಬ್ಬ ಹೆಲ್ಪರಿನ ಕೈಯಲ್ಲಿ ಒಂದೊಂದು ಲೆಕ್ಕ. ಒಂದು ಚೀಲ ಸಿಮೆಂಟ್ ಅಂದರೆ 35 ಲೀಟರ್, ಅಷ್ಟು ಹಿಡಿಯುವ ಮರದ ಪೆಟ್ಟಿಗೆ ಮಾಡಿಸಿಡಿ. ಮಂಜಿಗೋ ಮಳೆಗೋ ನೆನೆದ ಮರಳು ಉಬ್ಬಿ ಕಾಲು ಭಾಗದವರೆಗೂ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಆರು ಪೆಟ್ಟಿಗೆ ಒದ್ದೆ ಮರಳು ನಿಜಕ್ಕೂ ಐದರ ಲೆಕ್ಕ. ಸಿಮೆಂಟು ಹೆಚ್ಚಾದಂತೆಯೇ.

ಓನರ್‌ಗಳಲ್ಲಿ ನನ್ನದೊಂದು ವಿನಂತಿ. ಸೈಟಿಗೆ ಬಂದಾಗ "ಇನ್ನೊಂದು ಬಾಂಡ್ಲಿ ಸಿಮೆಂಟ್ ಹಾಕಿ ಮೇಸ್ತ್ರಿ, ಗಟ್ಟಿಯಾಗಲಿ" ಅನ್ನಬೇಡಿ. ಸಿಮೆಂಟ್ ಹೆಚ್ಚಿದಷ್ಟೂ ಗಾರೆ ಹೆಚ್ಚು ಕುಗ್ಗುತ್ತದೆ. ಮೇಲೆ ಬಳಿಯುವ ಪದರ ಯಾವತ್ತೂ ಅದರ ಹಿಂದಿನದಕ್ಕಿಂತ ಮೆದುವಾಗಿರಬೇಕು. ಇದೇ ಕಾರಣಕ್ಕೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳಿನ ಗಾರೆ ನನಗೆ ಇಷ್ಟ. ಸುಣ್ಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನ ಒಣಗಿಸುತ್ತದೆ, ಸಣ್ಣ ಸೀಳುಗಳನ್ನು ತಾನೇ ಮುಚ್ಚಿಕೊಳ್ಳುವ ಗುಣವೂ ಇದೆ. ಆದರೆ ಈಗಿನ ಮೇಸ್ತ್ರಿಗಳಿಗೆ ಸುಣ್ಣದ ಕೈ ತಪ್ಪಿಹೋಗಿದೆ, ಒಳ್ಳೆಯ ಸುಣ್ಣ ಸಿಗುವುದೂ ಸುಲಭವಲ್ಲ, ಆದ್ದರಿಂದ ಒತ್ತಾಯ ಮಾಡುವುದಿಲ್ಲ. ಸಿಮೆಂಟಿನಲ್ಲಿ 53 ಗ್ರೇಡ್ ಬೇಡ, ಹಾರುಬೂದಿ ಬೆರೆಸಿದ ಪಿಪಿಸಿ ಸಾಕು. ಬಿಸಿಯೂ ಕಡಿಮೆ.

(ಸಿದ್ದಾಪುರ ಕಡೆಯ ಅಕ್ಕ ಒಬ್ಬರು ಕೇಳಿದರು: "ನಮ್ಮ ಹಾಲಿನ ಗೋಡೆ ಕನ್ನಡಿ ಥರ ನುಣುಪು ಮಾಡಿಸಿದ್ದೆವು. ಒಂದು ತಿಂಗಳಲ್ಲಿ ಪೂರ್ತಿ ಬಲೆ ಬಲೆ. ಮೇಸ್ತ್ರಿ ಒಳ್ಳೆಯವರೇ.")

ಅಕ್ಕ, ನುಣುಪೇ ಕಾರಣ ಇರಬೇಕು. ಕೊನೆಯಲ್ಲಿ ಬರೀ ಸಿಮೆಂಟ್ ಎರಚಿಯೋ, ಸಿಮೆಂಟ್ ಹಾಲು ಬಳಿದೋ ಕರಣೆಯಿಂದ ತೀಡಿರುತ್ತಾರೆ. ಹೌದಲ್ಲವೇ? ಮೇಲ್ಮೈಯಲ್ಲಿ ಒಂದು ಮಿಲಿಮೀಟರ್ ಸಿಮೆಂಟಿನದೇ ಪದರ, ಕೆಳಗೆ ಒಂದಕ್ಕೆ ಆರು. ಮೇಲಿನದು ಹೆಚ್ಚು ಕುಗ್ಗುತ್ತದೆ, ಕೆಳಗಿನದು ಬಿಡುವುದಿಲ್ಲ. ಹೆಚ್ಚು ತೀಡಿದಷ್ಟೂ ನೀರೂ ನುಣುಪೂ ಮೇಲಕ್ಕೆ ಬರುತ್ತವೆ. ಹೇಗೂ ಪುಟ್ಟಿ ಹಚ್ಚುತ್ತೀರಿ ಅಂದಮೇಲೆ ಗಾರೆಯನ್ನು ಮರದ ಹಲಗೆಯಲ್ಲೋ ಸ್ಪಾಂಜಿನಲ್ಲೋ ಸ್ವಲ್ಪ ತರಿಯಾಗಿ ಬಿಟ್ಟರೆ ಸಾಕಿತ್ತು. ನಿಮ್ಮ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರದಿದ್ದರೆ ಗಾರೆ ಗೋಡೆಗೆ ಅಂಟಿಯೇ ಇದೆ. ಪುಟ್ಟಿ, ಪ್ರೈಮರ್ ಮುಚ್ಚಿಬಿಡುತ್ತವೆ, ಒಡೆಸಬೇಡಿ.

ದಪ್ಪದ ಮಾತು. ಒಳಗೆ 12 ಮಿಲಿಮೀಟರ್, ಹೊರಗೆ ಎರಡು ಕೋಟಿನಲ್ಲಿ 20. ಗೋಡೆ ತೂಗುಗುಂಡಿಗೆ ನೇರವಿಲ್ಲದೆ ವಾಲಿದ್ದರೆ ಅದನ್ನು ಗಾರೆಯಲ್ಲೇ ಸರಿಮಾಡಲು ಹೋಗಿ ಒಂದೇ ಸಲ 35, 40 ಬಳಿಯುತ್ತಾರೆ. ಹೀಗೆ ಬಳಿದದ್ದು ತನ್ನ ಭಾರಕ್ಕೇ ಜಾರುತ್ತದೆ, ಅಡ್ಡಡ್ಡ ಬಿರಿಯುತ್ತದೆ. ಮೊದಲ ಕೋಟ್ ಗಟ್ಟಿಯಾಗಿ ಕುಗ್ಗಿದ ಮೇಲೆ, ಗೀರು ಹಾಕಿ ಎರಡನೆಯದು. ನೀರು ಬೆರೆಸಿದ ಗಾರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಖರ್ಚಾಗಬೇಕು. ಊಟಕ್ಕೆ ಹೋಗಿ ಬಂದು ಮತ್ತೆ ನೀರು ಚಿಮುಕಿಸಿ ಕಲಸಿದ್ದು ಗಾರೆಯಲ್ಲ.

ಕಂಬ-ಗೋಡೆ, ಬೀಮ್-ಗೋಡೆ ಸೇರುವಲ್ಲಿ ಕಾಂಕ್ರೀಟಿಗೆ ಕಚ್ಚು ಹೊಡೆಸಿ, ಎರಡೂ ಕಡೆ ಆರಾರು ಇಂಚು ಬರುವಂತೆ ಒಂದಡಿ ಅಗಲದ ಚಿಕನ್ ಮೆಶ್ (ತೆಳು ತಂತಿಯ ಜಾಲರಿ) ಹಾಕಿಸಿ. ಎಲ್ಲರೂ ಹಾಕಿಸುತ್ತಾರೆ, ಆದರೆ ಗೋಡೆಗೆ ಒತ್ತಿ ಮೊಳೆ ಹೊಡೆಯುತ್ತಾರೆ. ಗೋಡೆಗೆ ಅಂಟಿದ ಜಾಲರಿ ಕೆಲಸ ಮಾಡುವುದಿಲ್ಲ. ಅದು ಗಾರೆಯ ನಡುವೆ ಇರಬೇಕು, ಹಿಂದೆಯೂ ಗಾರೆ, ಮುಂದೆಯೂ ಗಾರೆ. ಮೊಳೆಗೆ ವಾಷರ್ ಕೊಟ್ಟು ಜಾಲರಿಯನ್ನು ತುಸು ಎತ್ತಿ ನಿಲ್ಲಿಸಿದರೆ ಆಯಿತು. ಕಿಟಕಿ ಮೂಲೆಗಳಿಗೆ ಓರೆಯಾಗಿ ಒಂದೊಂದು ತುಂಡು. ಜಾಲರಿ ಹಾಕಿಯೂ ಸ್ಲ್ಯಾಬಿನ ಕೆಳಗೆ ಬಿರಿಯುವ ಸಂಭವ ಇದ್ದರೆ, ಅಲ್ಲಿ ಹತ್ತು ಮಿಲಿಮೀಟರಿನ ಗ್ರೂವ್ ಬಿಟ್ಟುಬಿಡಿ. ಬಿರುಕು ಬಂದರೂ ಗ್ರೂವಿನೊಳಗೆ ಬರುತ್ತದೆ, ಯಾರ ಕಣ್ಣಿಗೂ ಬೀಳದು.

ವಯರಿಂಗ್ ಪೈಪಿಗೆ ಗೋಡೆ ಕೊರೆಯುವವರನ್ನು ನೋಡಿಕೊಳ್ಳಿ. ಮೇಲಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರನೇ ಒಂದರಷ್ಟು, ಅಡ್ಡಕ್ಕಾದರೆ ಆರನೇ ಒಂದರಷ್ಟೇ. ಆರಿಂಚಿನ ಗೋಡೆಯಲ್ಲಿ ಅಡ್ಡಕ್ಕೆ ಒಂದಿಂಚು ಮಾತ್ರ. ಕೊರೆದದ್ದನ್ನು ಗಾರೆ ಬಳಿಯುವ ದಿನವೇ ತುಂಬಿಸಬೇಡಿ. ಮೊದಲೇ ತುಂಬಿಸಿ, ನೀರುಣಿಸಿ, ಒಣಗಿದ ಮೇಲೆ ಜಾಲರಿ.

ಕ್ಯೂರಿಂಗ್ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಮರುದಿನದಿಂದ ಏಳು ದಿನ ಗಾರೆ ಒದ್ದೆಯಾಗಿಯೇ ಇರಬೇಕು, ಪಿಪಿಸಿ ಆದರೆ ಹತ್ತು ದಿನ. ಬೆಳಿಗ್ಗೆ ಒಮ್ಮೆ ಪೈಪ್ ಹಿಡಿದು ಹೊಳೆ ಹರಿಸಿ, ಸಂಜೆ ತನಕ ಬಿಸಿಲಿಗೆ ಬಿಟ್ಟರೆ ಅದು ಕ್ಯೂರಿಂಗ್ ಅಲ್ಲ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಗಾರೆಗೆ ಇನ್ನೂ ಕೆಟ್ಟದ್ದು. ಕಡಿಮೆ ನೀರು, ಹೆಚ್ಚು ಸಲ. ಕೆರೆಯಲ್ಲಿ ನೀರು ಕಡಿಮೆ ಇದ್ದರೆ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರನ್ನು ಚೆನ್ನಾಗಿ ತೊಳೆದು ಬಳಸಿ, ನಾಲ್ಕು ಕ್ಯಾನಿನಲ್ಲಿ ಒಂದು ಕೋಣೆ ಮುಗಿಯುತ್ತದೆ. ಹೊರಗೋಡೆಗೆ ಗೋಣಿಚೀಲ ಇಳಿಬಿಟ್ಟು ಅದನ್ನು ನೆನೆಸಿ. ಕಾಫಿ ಗೋಣಿ ಇಲ್ಲದ ಮನೆ ಇಲ್ಲಿ ಯಾವುದಿದೆ? ಪಶ್ಚಿಮದ ಗೋಡೆಗೆ ಬೆಳಿಗ್ಗೆ, ಪೂರ್ವದ ಗೋಡೆಗೆ ಮಧ್ಯಾಹ್ನದ ಮೇಲೆ ಗಾರೆ ಬಳಿಸಿದರೆ ಬಳಿಯುವ ಹೊತ್ತಿಗೆ ಬಿಸಿಲು ತಾಗುವುದಿಲ್ಲ.

ಫೈಬರ್ ಹಾಕಿಸಬೇಕೇ ಅಂತ ಚೀಟಿ ಬಂದಿದೆ. ಚೀಲಕ್ಕೆ 125 ಗ್ರಾಂ ಪೊಟ್ಟಣ ಹಾಕಿಸಿ, ಮೊದಲ ದಿನಗಳ ಬಿರುಕಿಗೆ ಸಹಾಯ ಆಗುತ್ತದೆ. ಕ್ಯೂರಿಂಗಿಗೆ ಬದಲಿ ಅಂತ ಮಾತ್ರ ತಿಳಿಯಬೇಡಿ. ಜಿಪ್ಸಂ ಪ್ಲಾಸ್ಟರ್ ಕುಗ್ಗುವುದಿಲ್ಲ, ಕ್ಯೂರಿಂಗೂ ಬೇಡ, ಆದರೆ ತೇವ ತಾಳುವುದಿಲ್ಲ. ನಮ್ಮ ಮಳೆಗಾಲದಲ್ಲಿ ಹೊರಗೋಡೆಯ ಒಳಮೈಗೆ ನಾನು ಶಿಫಾರಸು ಮಾಡಲಾರೆ.

(ಕೊನೆಯ ಪ್ರಶ್ನೆ ಹಿರಿಯರೊಬ್ಬರದು: "ನಮ್ಮದು ಗಾರೆ ಮುಗಿದಿದೆ, ಅಲ್ಲಲ್ಲಿ ಬಿರುಕೂ ಬಂದಿದೆ. ಮೇ ತಿಂಗಳಲ್ಲಿ ಗೃಹಪ್ರವೇಶ. ಪೇಂಟರ್ ಈಗಲೇ ಬರುತ್ತೇನೆ ಅನ್ನುತ್ತಾನೆ.")

ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಈಗ ಏನು ತುಂಬಿದರೂ ಮತ್ತೆ ಸೀಳುತ್ತದೆ. ಪಶ್ಚಿಮದ ಹೊರಗೋಡೆಯ ಬಿರುಕುಗಳನ್ನು ಮಾತ್ರ ಮಳೆಗೆ ಮುಂಚೆ ತುಸು ಬಿಡಿಸಿ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಮೇಲೆ ಎಳೆದರೆ ಹಿಗ್ಗುವ ಜಾತಿಯ ಹೊರಗೋಡೆ ಪೇಂಟನ್ನು ಎರಡು ಕೋಟ್ ಹೊಡೆಸಿ. ಪ್ಲಾಸ್ಟಿಕ್ ಹಚ್ಚಿ ನೋಡಿ, ಗೋಡೆ ಒಣಗಿದ್ದರೆ ಮಾತ್ರ. ಒದ್ದೆ ಗೋಡೆಗೆ ಹೊಡೆದರೆ ಬೊಬ್ಬೆ ಏಳುತ್ತದೆ. ಒಳಗೆ ಸುಣ್ಣ ಬಳಿಸಬೇಡಿ, ನಾಳೆ ಅದರ ಮೇಲೆ ಪುಟ್ಟಿ ಹಿಡಿಯುವುದಿಲ್ಲ. ಬಿಳಿ ವಾಟರ್ ಪ್ರೈಮರ್ ಒಂದು ಕೋಟ್ ಕೊಟ್ಟು ಗೃಹಪ್ರವೇಶ ಮುಗಿಸಿ. ಪುಟ್ಟಿ, ಪೇಂಟು ಮುಂದಿನ ಫೆಬ್ರವರಿಗೆ ಇಟ್ಟುಕೊಳ್ಳಿ. ಪೇಂಟರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಗೇಟು, ಗ್ರಿಲ್ ಮುಗಿಸಲು ಹೇಳಿ.